ಮಳೆಗೆ ಮುದುಡದ ಪೆಟೂನಿಯಾ

ನರ್ಸರಿಯಿಂದ ತಂದ ಪೆಟೂನಿಯಾ ನಮ್ಮ ಕಡೆ ಯುಗಾದಿವರೆಗೆ ಅಂಗಳದ ರಾಣಿ. ಆರಿದ್ರೆ ಮಳೆ ಹಿಡಿದ ವಾರಕ್ಕೆ ಒದ್ದೆ ಕಾಗದ. ಅಂಗೈ ಅಗಲದ ಹೂವು ನೀರು ಕುಡಿದು ಜೋತುಬಿದ್ದು ಎಲೆಗೆ ಅಂಟಿಕೊಳ್ಳುತ್ತದೆ, ಅಲ್ಲಿ ಬೂದು ಬಣ್ಣದ ಬೂಷ್ಟು ಹುಟ್ಟಿ ಕಾಂಡಕ್ಕೆ ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊಸ ಪೆಟೂನಿಯಾ ತಳಿ ಮಾಡಹೊರಟವರು ಬಣ್ಣದ ಆಸೆಯನ್ನು ಸ್ವಲ್ಪ ಬದಿಗಿಟ್ಟು, ಮಳೆ ತಡೆಯುವ ಗಿಡವನ್ನು ಮೊದಲು ಹುಡುಕುವುದು ಒಳ್ಳೆಯದು. ಬಣ್ಣ ಆಮೇಲೂ ಸೇರಿಸಬಹುದು.

ಮಲೆನಾಡಿನ ಮನೆಗಳಲ್ಲಿ ಡೇರೆ ಹೂವಿನ ಹುಚ್ಚು ಹೆಚ್ಚು. ಆದರೆ ಡೇರೆಯಲ್ಲಿ ವರ್ಣತಂತುಗಳು ಎಂಟು ಪ್ರತಿ ಇರುತ್ತವೆ. ಬೀಜ ಹಾಕಿದರೆ ಏನು ಬರುತ್ತದೆಂದು ಲೆಕ್ಕ ಹಾಕಲಾಗದು. ಪೆಟೂನಿಯಾದಲ್ಲಿ ಎರಡೇ ಪ್ರತಿ, ಒಟ್ಟು 14. ಶಾಲೆಯಲ್ಲಿ ಓದಿದ ಮೆಂಡಲ್ ಲೆಕ್ಕ ಇಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಬಿತ್ತಿದ ಮೂರು ತಿಂಗಳಲ್ಲಿ ಹೂವು, ಇನ್ನೊಂದು ತಿಂಗಳಲ್ಲಿ ಬೀಜ. ಕಲಿಯುವವರಿಗೆ ಇದಕ್ಕಿಂತ ಕರುಣೆಯ ಗಿಡ ಸಿಗುವುದು ಕಷ್ಟ.

ತೋಟದ ಪೆಟೂನಿಯಾ ಕಾಡಿನ ಗಿಡವಲ್ಲ. ದಕ್ಷಿಣ ಅಮೆರಿಕದ ಎರಡು ಜಾತಿಗಳನ್ನು 1830ರ ದಶಕದಲ್ಲಿ ಯುರೋಪಿನ ತೋಟಗಾರರು ಬೆರೆಸಿದ್ದರಿಂದ ಬಂದದ್ದು. ಒಂದು ಬಿಳಿ, ರಾತ್ರಿ ಪರಿಮಳ ಬೀರಿ ಪತಂಗವನ್ನು ಕರೆಯುವ ಆಕ್ಸಿಲಾರಿಸ್. ಇನ್ನೊಂದು ನೇರಳೆ, ಹಗಲು ಜೇನ್ನೊಣ ಬರುವ ಇಂಟೆಗ್ರಿಫೋಲಿಯಾ. ಹಾಗಾಗಿ ಪರಿಮಳ ಬೇಕಿದ್ದವರು ಗಿಡವನ್ನು ಬೆಳಿಗ್ಗೆ ಮೂಸಿ ಪ್ರಯೋಜನವಿಲ್ಲ. ರಾತ್ರಿ ಊಟ ಮುಗಿಸಿ ಹೋಗಿ ಮೂಸಬೇಕು.

ತಾಯಿ ತಂದೆಯ ಆಯ್ಕೆಯಲ್ಲಿ ಮೊದಲು ಹೂವಿನ ಗಾತ್ರ ನೋಡಿ. ದೊಡ್ಡ ಹೂವಿನ ಗ್ರಾಂಡಿಫ್ಲೋರಾ ಸುಮಾರು 10 ಸೆಂಟಿಮೀಟರ್ ಅಗಲ, ಸಣ್ಣ ಹೂವಿನ ಮಲ್ಟಿಫ್ಲೋರಾ ಅದರ ಅರ್ಧ. ಮಳೆಗೆ ನಿಲ್ಲುವುದು ಎರಡನೆಯದು: ಹನಿ ಹಿಡಿಯುವ ಬಟ್ಟಲು ಚಿಕ್ಕದು, ಒಂದು ಹಾಳಾದರೆ ಮರುದಿನ ಅರಳಲು ನಾಲ್ಕು ಮೊಗ್ಗು ಕಾದಿರುತ್ತವೆ. ದೊಡ್ಡ ಗಾತ್ರ ತರುವ ಜೀನ್ ಪ್ರಬಲ, ಎಂದರೆ ಒಂದೇ ಪ್ರತಿ ಇದ್ದರೂ ಗುಣ ಕಾಣುತ್ತದೆ, ಆದರೆ ಅದರ ಎರಡೂ ಪ್ರತಿ ಸೇರಿದ ಸಸಿಗಳು ಸೊರಗುತ್ತವೆ, ಎಷ್ಟೋ ಸತ್ತೂ ಹೋಗುತ್ತವೆ. ಅದಕ್ಕೇ ದೊಡ್ಡ ಹೂವಿನ ಗಿಡ ಸಾಮಾನ್ಯವಾಗಿ ಒಂದೇ ಪ್ರತಿ ಹೊತ್ತಿರುತ್ತದೆ, ಅದರ ಬೀಜ ಹಾಕಿದಾಗ ಒಂದಷ್ಟು ಸಣ್ಣ ಹೂವಿನವು ಬಂದೇ ಬರುತ್ತವೆ. ನಮಗೆ ಇದು ಲಾಭ. ಸಣ್ಣ ಹೂವು ದುರ್ಬಲ ಗುಣ, ಎಂದರೆ ಎರಡೂ ಪ್ರತಿ ಅದೇ ಇದ್ದಾಗ ಮಾತ್ರ ಕಾಣುವಂಥದು. ಆದ್ದರಿಂದ ಒಮ್ಮೆ ಸಣ್ಣ ಹೂವಿನ ಗಿಡ ಸಿಕ್ಕರೆ ಗಾತ್ರದ ವಿಷಯ ಅಲ್ಲಿಗೆ ಮುಗಿಯಿತು. ಅದರ ಸ್ವಂತ ಬೀಜದಿಂದ ಮತ್ತೆ ದೊಡ್ಡದು ಹೊರಡುವುದಿಲ್ಲ.

ಸುತ್ತಿನ ಪೆಟೂನಿಯಾವನ್ನು ತಾಯಿಯಾಗಿ ಇಟ್ಟುಕೊಳ್ಳಬೇಡಿ. ಸುತ್ತಿನ ಹೂವಿನಲ್ಲಿ ಅಂಡಾಶಯ ಕೆಟ್ಟಿರುತ್ತದೆ, ಪರಾಗ ಮಾತ್ರ ಸಿಗುತ್ತದೆ. ಸುತ್ತು ಪ್ರಬಲ ಗುಣ, ತಂದೆಯಿಂದ ಬಂದರೂ ಮೊದಲ ಪೀಳಿಗೆಯಲ್ಲೇ ಕಾಣಿಸುತ್ತದೆ. ಆದರೆ ನೀರು ತುಂಬಿದ ಸುತ್ತಿನ ಹೂವು ಮಳೆಗಾಲದಲ್ಲಿ ಒಗೆಯದ ಸಾಕ್ಸಿನಂತೆ ಕಾಣುತ್ತದೆ. ನಮ್ಮ ಮತ ಅದಕ್ಕಿಲ್ಲ.

ಬಣ್ಣದಲ್ಲಿ ಒಂದು ತಮಾಷೆ ಇದೆ. ಬಿಳಿಗೆ ಬಿಳಿ ದಾಟಿಸಿದರೆ, ಎಂದರೆ ಒಂದರ ಪರಾಗ ಇನ್ನೊಂದಕ್ಕೆ ಕೊಟ್ಟರೆ, ನೇರಳೆ ಮಕ್ಕಳು ಹುಟ್ಟಬಹುದು. ಬಣ್ಣ ತಯಾರಾಗಲು ಹಲವು ಜೀನ್‌ಗಳು ಸಾಲಾಗಿ ಕೆಲಸ ಮಾಡಬೇಕು. ಒಂದು ಗಿಡದಲ್ಲಿ ಒಂದು ಜೀನ್ ಕೆಟ್ಟಿದ್ದು ಇನ್ನೊಂದರಲ್ಲಿ ಬೇರೆ ಜೀನ್ ಕೆಟ್ಟಿದ್ದರೆ, ಮಗುವಿಗೆ ಎರಡರದ್ದೂ ಸರಿಯಾದ ಪ್ರತಿ ಸಿಕ್ಕಿಬಿಡುತ್ತದೆ. ಅಪ್ಪಟ ಕಿತ್ತಳೆಯ ಬೆನ್ನು ಹತ್ತಬೇಡಿ. ಅದಕ್ಕೆ ಬೇಕಾದ ಪೆಲಾರ್ಗೋನಿಡಿನ್ ಎಂಬ ಬಣ್ಣದ ವಸ್ತು ಮಾಡಲು ಪೆಟೂನಿಯಾದ ಕಿಣ್ವ ಒಪ್ಪುವುದಿಲ್ಲ. 1987ರಲ್ಲಿ ಜರ್ಮನಿಯ ವಿಜ್ಞಾನಿಗಳು ಮೆಕ್ಕೆಜೋಳದ ಜೀನ್ ಸೇರಿಸಿಯೇ ಆ ಬಣ್ಣ ತಂದದ್ದು. 2017ರಲ್ಲಿ ಯುರೋಪ್, ಅಮೆರಿಕದ ಮಾರುಕಟ್ಟೆಗಳಲ್ಲಿ ಅದೇ ಜೀನಿನ ಗಿಡಗಳು ಅನುಮತಿಯಿಲ್ಲದೆ ಮಾರಾಟವಾಗುತ್ತಿರುವುದು ಬಯಲಾಗಿ, ರಾಶಿ ರಾಶಿ ಗಿಡ ನಾಶಮಾಡಬೇಕಾಯಿತು. ನಕ್ಷತ್ರದ ಪಟ್ಟಿಯ ಹೂವುಗಳ ಬಗ್ಗೆಯೂ ಎಚ್ಚರ: ಬಿಸಿಲು, ಉಷ್ಣತೆ ಬದಲಾದಂತೆ ಪಟ್ಟಿಯ ಅಗಲ ಬದಲಾಗುತ್ತದೆ. ಒಂದು ಹಂಗಾಮಿನಲ್ಲಿ ನೋಡಿ ಆರಿಸಿದರೆ ಮೋಸ ಹೋಗುತ್ತೀರಿ.

ದಾಟಿಸುವ ಕೆಲಸಕ್ಕೆ ಜನವರಿ ಸರಿ. ನಾಳೆ ಅರಳುವ ಮೊಗ್ಗು ಆರಿಸಿ: ಪೂರ್ತಿ ಉದ್ದವಾಗಿರುತ್ತದೆ, ಬಣ್ಣ ಬಂದಿರುತ್ತದೆ, ತುದಿ ಮಾತ್ರ ತಿರುಚಿ ಮುಚ್ಚಿರುತ್ತದೆ. ಹೊಸ ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ, ಚಿಮಟದಿಂದ ಪರಾಗಕೋಶಗಳನ್ನು ತೆಗೆಯಿರಿ. ಒಟ್ಟು ಐದು. ನಾಲ್ಕು ಮೇಲೆಯೇ ಕಾಣುತ್ತವೆ, ಐದನೆಯದು ಗಿಡ್ಡ, ಕೆಳಗೆ ಅಡಗಿರುತ್ತದೆ. ಹೊಸಬರ ಸಂಕರದಲ್ಲಿ ತಾಯಿಯ ತದ್ರೂಪಿ ಮಕ್ಕಳೇ ತುಂಬಿದ್ದರೆ ಕಾರಣ ಬಹಳ ಸಲ ಈ ಐದನೆಯದೇ. ಕೋಶ ಆಗಲೇ ಬಿರಿದು ಪುಡಿ ಕಂಡರೆ ಆ ಮೊಗ್ಗು ಬಿಟ್ಟುಬಿಡಿ. ಕೇಸರಗಳ ಬುಡ ಕೊಳವೆಗೇ ಅಂಟಿರುವುದರಿಂದ ಇಡೀ ಕೊಳವೆಯನ್ನು ಹರಿದು ಎಳೆದರೆ ಐದೂ ಒಟ್ಟಿಗೆ ಬರುತ್ತವೆ, ಜೇನ್ನೊಣವೂ ಆ ಕಡೆ ಸುಳಿಯುವುದಿಲ್ಲ. ಆದರೆ ಒಣಗಾಳಿಯ ದಿನ ಶಲಾಕೆಯ (ಹೂವಿನ ನಡುವಿನ ಹೆಣ್ಣು ಕಡ್ಡಿಯ) ತುದಿ ಬೇಗ ಒಣಗುತ್ತದೆ.

ಎಳನೀರಿನ ಸ್ಟ್ರಾ ಎರಡು ಸೆಂಟಿಮೀಟರ್ ಕತ್ತರಿಸಿ, ಒಂದು ಬಾಯಿ ಮಡಚಿ, ಶಲಾಕೆಗೆ ಟೋಪಿ ಹಾಕಿ. ಮರುದಿನ ಕಾವಳ ಪೂರ್ತಿ ಕರಗಿ, ಗಿಡ ಒಣಗಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಟೋಪಿ ತೆಗೆಯಿರಿ. ತುದಿ ಹಸಿರಾಗಿ ಹೊಳೆಯುತ್ತ ಅಂಟಂಟಾಗಿರಬೇಕು. ತಂದೆ ಗಿಡದ ಬಿರಿದ ಪರಾಗಕೋಶವನ್ನು ಚಿಮಟದಲ್ಲಿ ಹಿಡಿದು ನೇರವಾಗಿ ಒರೆಸಿ, ಟೋಪಿ ಮತ್ತೆ ಹಾಕಿ. ಒದ್ದೆಯಾದ ಪರಾಗ ಕೆಲಸಕ್ಕೆ ಬಾರದು. ಬೆಳಿಗ್ಗೆ ಏಳಕ್ಕೇ ಅವಸರ ಮಾಡುವವರಿಗೆ ಕಾಯಿ ಕಟ್ಟದಿರಲು ಇದೇ ಕಾರಣ. ಗಂಡು ಗಿಡ ಬದಲಾದಾಗಲೆಲ್ಲ ಚಿಮಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಿ. ಚೀಟಿಯನ್ನು ಐಸ್‌ಕ್ರೀಮ್ ಡಬ್ಬಿಯ ಪ್ಲಾಸ್ಟಿಕ್‌ನಲ್ಲಿ ಕತ್ತರಿಸಿ ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಇಬ್ಬನಿಗೇ ಹೋಗುತ್ತದೆ.

ಕವಳಕ್ಕೆ ಹೊಗೆಸೊಪ್ಪು ಹಾಕುವವರು ಗಿಡ ಮುಟ್ಟುವ ಮೊದಲು ಸಾಬೂನಿನಲ್ಲಿ ಕೈ ತೊಳೆಯಲೇಬೇಕು. ಪೆಟೂನಿಯಾ ತಂಬಾಕಿನ ದಾಯಾದಿ. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಜೀವಂತ ಇರುತ್ತದೆ, ಬೆರಳಿನಿಂದ ಗಿಡಕ್ಕೆ ದಾಟುತ್ತದೆ. ಎಲೆಯಲ್ಲಿ ತಿಳಿ-ಗಾಢ ಹಸಿರಿನ ಮಚ್ಚೆ ಕಂಡ ಗಿಡ ಎಷ್ಟೇ ಚೆಂದವಿದ್ದರೂ ಕಿತ್ತು ಸುಡಿ.

ಕಾಯಿ 25ರಿಂದ 30 ದಿನಕ್ಕೆ ಬಲಿಯುತ್ತದೆ. ಹಸಿರು ಹೋಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ ಕಾಗದದ ಲಕೋಟೆ ಕಟ್ಟಿ. ತುದಿ ಬಿರಿದರೆ ಬೀಜ ಪುಡಿಯಂತೆ ಉದುರಿಹೋಗುತ್ತದೆ. ಒಂದು ಗ್ರಾಮಿಗೆ ಸುಮಾರು 10,000 ಬೀಜ, ಒಂದು ಕಾಯಲ್ಲಿ ನೂರಕ್ಕೂ ಹೆಚ್ಚು. ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ, ಲಕೋಟೆಯ ಸಮೇತ ಬಾಟಲಿಯಲ್ಲಿ ಹಾಕಿ, ತಳಕ್ಕೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿ ಹಾಕಿ ಬಿಗಿಯಾಗಿ ಮುಚ್ಚಿ. ನಮ್ಮ ಆಷಾಢದ ತೇವ ತೆರೆದಿಟ್ಟ ಬೀಜವನ್ನು ಉಳಿಸುವುದಿಲ್ಲ.

ಬಿತ್ತಲು ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಹಳೇ ಗೊಬ್ಬರ, ಒಂದು ಪಾಲು ಮರಳು. ಕುದಿಯುವ ನೀರು ಹೊಯ್ದು ಆರಲು ಬಿಡಿ, ಸಸಿ ಬುಡ ಕೊಳೆಯುವುದು ಬಹಳ ಕಡಿಮೆಯಾಗುತ್ತದೆ. ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಮೇಲೆ ಚೆಲ್ಲಿ, ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ನೀರು ಕೆಳಗಿನಿಂದ, ತಟ್ಟೆಯಲ್ಲಿ ನಿಲ್ಲಿಸಿ ಕೊಡಿ. 7ರಿಂದ 10 ದಿನಕ್ಕೆ ಮೊಳಕೆ.

ಇನ್ನು ಕ್ಯಾಲೆಂಡರ್. ತಾಯಿ ತಂದೆ ಸೆಪ್ಟೆಂಬರ್ ಕೊನೆಗೆ ಬಿತ್ತನೆ, ಜನವರಿಯಲ್ಲಿ ದಾಟಿಸುವುದು, ಫೆಬ್ರವರಿ ಕೊನೆಗೆ ಮೊದಲ ಪೀಳಿಗೆಯ ಬಿತ್ತನೆ. ಅಂಗಡಿ ಪೊಟ್ಟಣದ ಗಿಡಗಳೇ ಸಂಕರವಾದ್ದರಿಂದ ಈ ಪೀಳಿಗೆಯಲ್ಲೂ ಒಂದೊಂದು ಗಿಡ ಒಂದೊಂದು ಥರ. 20-30 ಬೆಳೆಸಿ, ಸಣ್ಣ ಹೂವಿನ ಗಟ್ಟಿ ಗಿಡ ಮೂರ್ನಾಲ್ಕನ್ನು ಮಾತ್ರ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಅವು ಅರಳಿದಾಗ ಜಗಲಿಯ ಮಾಡಿನಡಿ ಇಟ್ಟು, ಅದೇ ಗಿಡದ ಪರಾಗವನ್ನು ಅದಕ್ಕೇ ಕೊಡಿ. ಕೆಲವು ಗಿಡಗಳು ಸ್ವಂತ ಪರಾಗವನ್ನು ಒಪ್ಪುವುದಿಲ್ಲ. ಆಗ ಅರಳಲು ಎರಡು ದಿನ ಇರುವ ಎಳೆ ಮೊಗ್ಗನ್ನು ಸೀಳಿ, ಅದೇ ಗಿಡದ ಅರಳಿದ ಹೂವಿನ ಪರಾಗ ಒರೆಸಿ. ತಡೆಯುವ ಪ್ರೋಟೀನ್ ಆ ವಯಸ್ಸಿಗೆ ಇನ್ನೂ ಕೂಡಿರುವುದಿಲ್ಲ.

ಎರಡನೆಯ ಪೀಳಿಗೆಯೇ ನಿಜವಾದ ಹುಡುಕಾಟ. ಜುಲೈನಲ್ಲಿ ಮಾಡಿನಡಿ ಬಿತ್ತಿದರೆ ಹಸ್ತ, ಚಿತ್ತೆ ಮಳೆಗೆ ಸರಿಯಾಗಿ ಹೂವಾಗುತ್ತದೆ. ಆರಿದ್ರೆ, ಪುಷ್ಯಕ್ಕೆ ಬಯಲಲ್ಲಿಟ್ಟರೆ ಎಲ್ಲವೂ ಸತ್ತು ಯಾವುದು ಮೇಲೆಂದು ತಿಳಿಯುವುದೇ ಇಲ್ಲ. ಹಸ್ತದ ಮಳೆ ಬಂದು ಹೋಗಿ ಬಿಸಿಲು ಬೀಳುವುದರಿಂದ ವ್ಯತ್ಯಾಸ ಕಾಣುತ್ತದೆ. ಎಷ್ಟು ಗಿಡ ಬೇಕು? ಎರಡು ದುರ್ಬಲ ಗುಣ ಒಂದೇ ಗಿಡದಲ್ಲಿ ಸೇರುವುದು 16ರಲ್ಲಿ ಒಂದು. ಹಾಗೆಂದು 16 ಬೆಳೆಸಿದರೆ ಸಾಲದು, ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 95 ಆಗಲು 47 ಗಿಡ ಬೇಕು. ಮೂರು ಗುಣವಾದರೆ 64ರಲ್ಲಿ ಒಂದು, ಆಗ 191. ಜಾಗ ಕಡಿಮೆ ಇದ್ದವರು ಗುಣಗಳ ಪಟ್ಟಿಯನ್ನು ಗಿಡ್ಡ ಮಾಡಿಕೊಳ್ಳಿ.

ಈ ಗಿಡಗಳ ಕುಡಿ ಚಿವುಟಬೇಡಿ. ಚಿವುಟಿದರೆ ಎಲ್ಲವೂ ಪೊದೆಯಾಗಿ, ತಾನಾಗಿ ಕವಲೊಡೆಯುವುದು ಯಾವುದೆಂದು ಗೊತ್ತಾಗದು. ಮಳೆ ನಿಂತ ಮರುದಿನ ಬೆಳಿಗ್ಗೆ ಪ್ರತಿ ಗಿಡದಲ್ಲಿ ನೆಟ್ಟಗೆ ನಿಂತ ಹೂವೆಷ್ಟು, ಅಂಟಿ ಕೊಳೆತದ್ದೆಷ್ಟು ಎಣಿಸಿ ಬರೆದಿಡಿ. ಮೂರು ಮಳೆಗಾದರೂ ಎಣಿಸಿ. ಕಣ್ಣಂದಾಜು ಬಣ್ಣದ ಪಕ್ಷಪಾತಿ. ಭದ್ರಾವತಿ, ಶಿಕಾರಿಪುರದ ಬಯಲಲ್ಲಿ ಗೆದ್ದ ಗಿಡವನ್ನು ಹೊಸನಗರದ ಅಂಗಳದಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ಮಳೆ ತಡೆಯುತ್ತದೆ ಎನ್ನಬೇಡಿ.

ಸಿಕ್ಕ ಒಳ್ಳೆಯ ಗಿಡವನ್ನು ತುಂಡಿನಿಂದ ಹಬ್ಬಿಸುವುದಾದರೆ ಒಂದೇ ಗಿಡ ಸಾಕು: ಹೂವಿಲ್ಲದ 5-7 ಸೆಂಟಿಮೀಟರ್ ಕುಡಿ ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ಬೀಜದ ತಳಿ ಬೇಕೆಂದರೆ ತಾಳ್ಮೆ ಬೇಕು. ಸ್ವಂತ ಪರಾಗ ಕೊಟ್ಟ ಪ್ರತಿ ಪೀಳಿಗೆಗೂ ಮಿಶ್ರಣ (ಎರಡು ಪ್ರತಿ ಬೇರೆ ಬೇರೆ ಇರುವ ಜೀನ್‌ಗಳ ಪಾಲು) ಅರ್ಧವಾಗುತ್ತದೆ: ಎರಡನೆಯ ಪೀಳಿಗೆಯಲ್ಲಿ ನೂರಕ್ಕೆ 50, ಆರನೆಯದರಲ್ಲಿ ಸುಮಾರು 3. ವರ್ಷಕ್ಕೆ ಎರಡು ಪೀಳಿಗೆಯಂತೆ ಇನ್ನೂ ಎರಡು ವರ್ಷ. ನಡುವೆ ಸಸಿಗಳು ಸೊರಗುವ ಸಾಲು ಬಂದೇ ಬರುತ್ತದೆ, ಆದ್ದರಿಂದ ಒಂದೇ ಸಾಲನ್ನು ನೆಚ್ಚದೆ ನಾಲ್ಕೈದು ಸಾಲು ಒಟ್ಟಿಗೆ ನಡೆಸಿ, ಪ್ರತಿಯೊಂದರ ಎರಡು ತುಂಡು ಕುಂಡದಲ್ಲಿ ಬೇರೆ ಕಡೆ ಇಟ್ಟಿರಿ. ಇಡುವ ಜಾಗಕ್ಕೆ ಬಸವನಹುಳ ಹತ್ತದಂತೆ ನೋಡಿಕೊಳ್ಳಿ; ಅದಕ್ಕೆ ಪೆಟೂನಿಯಾ ಹೂವು ಬಹಳ ರುಚಿ.