ಹತ್ತನೇ ಕ್ಲಾಸ್ ಫೇಲಾದವರನ್ನು ಮಿಲಿಟರಿಗೆ ತಗೋತಾರಾ?

"ಕಾಕಾ, ಹತ್ತನೇತ್ತಾ ಫೇಲ್ ಆಗೇನಿ. ಮಿಲಿಟ್ರಿಗೆ ತಗೋತಾರೇನ್ರಿ?"

ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ ಕೇಳುತ್ತಾರೆ. ಹುಡುಗ ನಾಚಿಕೊಂಡು ಹಿಂದೆ ನಿಂತರೆ ಅವನ ಅವ್ವನೇ ಮುಂದೆ ಬಂದು ಕೇಳುತ್ತಾಳೆ. ನಮ್ಮ ಬೆಳಗಾವಿ ಕಡೆ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಕಣ್ಣೆದುರಿಗೇ ಇದೆ. ಮನೆಗೊಬ್ಬರು ಅಲ್ಲದಿದ್ದರೂ ಓಣಿಗೊಬ್ಬರು ಫೌಜಿ ಇದ್ದೇ ಇರುತ್ತಾರೆ. ಹಾಗಾಗಿ ಶಾಲೆ ಕೈಕೊಟ್ಟರೆ ಮಿಲಿಟರಿ ಇದೆಯಲ್ಲ ಅನ್ನುವ ಧೈರ್ಯ ಹುಡುಗರಿಗೆ ಜಾಸ್ತಿ.

ಒಂದೇ ಮಾತಿನ ಉತ್ತರ ಬೇಕಾದರೆ: ಹೌದು, ತಗೋತಾರೆ. ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಆದರೆ ಯಾವ ಕೆಲಸಕ್ಕೆ ತಗೋತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಆಮೇಲೆ ಏನು ಅನ್ನೋದನ್ನು ಯಾರೂ ಕೇಳುವುದಿಲ್ಲ. "ತಗೋತಾರಂತೆ" ಅನ್ನೋ ಅರ್ಧ ಸುದ್ದಿ ಹಿಡಿದುಕೊಂಡು ಹೋಗಿಬಿಡುತ್ತಾರೆ.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದಮೇಲೆ ಸಿಪಾಯಿಯಾಗಿ ಸೇರುವವರು ಹೆಚ್ಚುಕಡಿಮೆ ಎಲ್ಲರೂ ಅಗ್ನಿವೀರರೇ. ಹದಿನೇಳೂವರೆ ವರ್ಷ ತುಂಬಿರಬೇಕು, ಮದುವೆ ಆಗಿರಬಾರದು. ಇದರಲ್ಲಿ ಬೇರೆ ಬೇರೆ ವರ್ಗಗಳಿವೆ, ಒಂದೊಂದಕ್ಕೂ ಓದಿನ ಲೆಕ್ಕ ಬೇರೆ. ಕ್ಲರ್ಕ್ ಆಗಲು ಪಿಯುಸಿಯಲ್ಲಿ ಶೇಕಡಾ 60 ಬೇಕು. ಟೆಕ್ನಿಕಲ್ ವರ್ಗಕ್ಕೆ ಪಿಯುಸಿ ಸೈನ್ಸ್ ಅಥವಾ ಐಟಿಐ. ಅವೆರಡರ ವಿಷಯ ಇಲ್ಲಿ ಬೇಡ. ನನ್ನನ್ನು ಕೇಳುವ ಹುಡುಗರಿಗೆ ಬೇಕಾಗಿರೋದು ಮೂರು: ಜನರಲ್ ಡ್ಯೂಟಿ, ಅಂದರೆ ಎಲ್ಲರೂ ಜಿ.ಡಿ. ಅನ್ನೋದು, ಹತ್ತನೇ ಪಾಸಾದವರ ಟ್ರೇಡ್ಸ್‌ಮನ್, ಎಂಟನೇ ಪಾಸಾದವರ ಟ್ರೇಡ್ಸ್‌ಮನ್.

ಬಂದೂಕು ಹಿಡಿದು ಗಡಿಯಲ್ಲಿ ನಿಲ್ಲುವ ಕನಸು ಇರೋದು ಜಿ.ಡಿ.ಯಲ್ಲಿ. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾದರೆ ಮಾತ್ರ ಸಾಲದು. ಒಟ್ಟು ಶೇಕಡಾ 45 ಬರಬೇಕು, ಪ್ರತಿ ವಿಷಯದಲ್ಲೂ 33 ಬರಬೇಕು. ನಮ್ಮ ಎಸ್ಸೆಸ್ಸೆಲ್ಸಿಗೆ 625 ಅಂಕ. ಅದರ ಶೇಕಡಾ 45 ಅಂದರೆ 281.25, ಅಂದರೆ ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ 282 ಇರಲೇಬೇಕು. 280 ಇದ್ದು ಅಳುತ್ತಾ ನಿಂತ ಹುಡುಗರನ್ನು ನೋಡಿದ್ದೇನೆ. ಓಟದಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ, ಪಾಪ.

ಈಗ ಇದರ ಜೊತೆಗೆ ಇನ್ನೊಂದು ಸಿಕ್ಕು ಸೇರಿದೆ. 2025-26ರಿಂದ ನಮ್ಮ ರಾಜ್ಯದಲ್ಲಿ ಪಾಸಾಗಲು ಬೇಕಾದ ಅಂಕ ಇಳಿಸಿದ್ದಾರೆ. ಒಟ್ಟು ಶೇಕಡಾ 33, ಅಂದರೆ 625ಕ್ಕೆ 206 ಬಂದು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರೆ ಪಾಸು. ಸಂತೋಷ. ಆದರೆ ಸೇನೆಯ ಲೆಕ್ಕದಲ್ಲಿ ಪ್ರತಿ ವಿಷಯಕ್ಕೂ 33 ಬೇಕೇ ಬೇಕು. ಗಣಿತದಲ್ಲಿ 31 ತೆಗೆದ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ "ಪಾಸ್" ಅಂತ ಅಚ್ಚಾಗಿರುತ್ತದೆ. ಊರಲ್ಲಿ ಪೇಢೆ ಹಂಚಿರುತ್ತಾರೆ. ಭರ್ತಿಗೆ ಹೋದರೆ ಆ ಎರಡು ಅಂಕಕ್ಕೆ ವಾಪಸ್ ಕಳಿಸುತ್ತಾರೆ. ಮೊದಲ ಭಾಷೆಗೆ 125 ಅಂಕ ಅನ್ನೋದನ್ನೂ ಮರೆಯಬೇಡಿ, ಅಲ್ಲಿ 33 ತೆಗೆದರೆ ಆಗೋದಿಲ್ಲ, 42 ಬೇಕು. ಹಾಗಾಗಿ ನಾನು ಹುಡುಗರಿಗೆ "ಪಾಸಾ ಫೇಲಾ" ಅಂತ ಕೇಳೋದನ್ನೇ ಬಿಟ್ಟಿದ್ದೇನೆ. ಮಾರ್ಕ್ಸ್ ಕಾರ್ಡ್ ತಗೊಂಡು ಬಾ ಅನ್ನುತ್ತೇನೆ.

ಇಂಥವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ: ಪರೀಕ್ಷೆ-1, ಆಮೇಲೆ ಪರೀಕ್ಷೆ-2. ಫೇಲಾದವರು ಮಾತ್ರ ಅಲ್ಲ, ಪಾಸಾದವರೂ ಅಂಕ ಜಾಸ್ತಿ ಮಾಡಿಕೊಳ್ಳಲು ಮತ್ತೆ ಬರೆಯಬಹುದು. ಬರೆದದ್ದರಲ್ಲಿ ಚೆನ್ನಾಗಿ ಬಂದ ಅಂಕವನ್ನೇ ಇಟ್ಟುಕೊಳ್ಳುತ್ತಾರೆ. 282 ಮುಟ್ಟದವರು ಇದನ್ನು ಬಿಟ್ಟು ಬೇರೆ ದಾರಿ ಹುಡುಕೋದು ಏಕೋ ನನಗೆ ಅರ್ಥವಾಗುವುದಿಲ್ಲ.

ಪ್ರತಿ ವಿಷಯದಲ್ಲಿ 33 ಇದೆ, ಒಟ್ಟು 45 ಇಲ್ಲ ಅನ್ನುವವರಿಗೆ ಹತ್ತನೇ ಪಾಸ್ ಟ್ರೇಡ್ಸ್‌ಮನ್ ಇದೆ. ಅಡುಗೆಯವರು, ಟೇಲರ್, ಬಟ್ಟೆ ಒಗೆಯುವವರು, ಕ್ಷೌರಿಕರು, ಸ್ಟೀವರ್ಡ್, ಹೀಗೆ. ಒಂದು ಪಲ್ಟನ್ ಇವರಿಲ್ಲದೆ ಒಂದು ದಿನ ನಡೆಯುವುದಿಲ್ಲ. ಹಿಮದಲ್ಲಿ ಪೋಸ್ಟ್ ಮೇಲಿದ್ದಾಗ ಸೀಮೆಎಣ್ಣೆ ಸ್ಟೋವಿನ ಮೇಲೆ ಚಹಾ ಕುದಿಸಿ ಕೊಟ್ಟವನಿಗಿಂತ ದೊಡ್ಡವನು ನಮಗೆ ಆಗ ಯಾರೂ ಕಾಣುತ್ತಿರಲಿಲ್ಲ. ಟ್ರೇಡ್ಸ್‌ಮನ್ ಅಂದರೆ ಬರೀ ಸೌಟು ಹಿಡಿಯುವವನು ಅಂತ ತಿಳಿಯಬೇಡಿ. ಅವನಿಗೂ ಡ್ರಿಲ್ ಇದೆ, ಫೈರಿಂಗ್ ಇದೆ, ಅವನದೂ ಅದೇ ಯೂನಿಫಾರ್ಮ್.

ಇನ್ನು ಹತ್ತನೇ ಫೇಲಾದವರ ಬಾಗಿಲು. ಎಂಟನೇ ಪಾಸ್ ಟ್ರೇಡ್ಸ್‌ಮನ್‌ನಲ್ಲಿ ಇರೋದು ಎರಡೇ ಕೆಲಸ: ಹೌಸ್ ಕೀಪರ್ ಮತ್ತು ಮೆಸ್ ಕೀಪರ್. ಬ್ಯಾರಕ್ಕು, ಶೌಚಾಲಯ, ಆವರಣ ಸ್ವಚ್ಛ ಇಡೋದು. ಲಂಗರಿನಲ್ಲಿ ಪಾತ್ರೆ ತೊಳೆಯೋದು, ಮೆಸ್ ಒರೆಸೋದು. ಲಂಗರ್ ಅಂದರೆ ಪಲ್ಟನ್ನಿನ ಅಡುಗೆಮನೆ. ಸುತ್ತಿಬಳಸಿ ಹೇಳದೆ ನೇರವಾಗಿ ಹೇಳಿದರೆ ಕೆಲವು ತಾಯಂದಿರಿಗೆ ಬೇಜಾರಾಗುತ್ತದೆ. ಏನು ಮಾಡೋದು, ಸೇರಿದ ಮೇಲೆ ಹುಡುಗ ಫೋನ್ ಮಾಡಿ ಅಳೋದಕ್ಕಿಂತ ಮೊದಲೇ ಗೊತ್ತಿರೋದು ಒಳ್ಳೇದು, ಅಲ್ವಾ? ಕೆಲಸದಲ್ಲಿ ಕೀಳಿಲ್ಲ. ಸಂಬಳವೂ ಒಂದೇ. ಪಿಯುಸಿ ಓದಿ ಬಂದ ಅಗ್ನಿವೀರನಿಗೂ ಎಂಟನೇ ಓದಿ ಬಂದವನಿಗೂ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷಕ್ಕೆ 40,000. ಅದರಲ್ಲಿ ಶೇಕಡಾ 30 ಸೇವಾನಿಧಿಗೆ, ಅಂದರೆ ಕೊನೆಗೆ ಒಟ್ಟಿಗೆ ಕೈಗೆ ಬರುವ ಗಂಟಿಗೆ, ಕಡಿತವಾಗುತ್ತದೆ, ಹಾಗಾಗಿ ಮೊದಲ ವರ್ಷ ಕೈಗೆ ಬರೋದು 21,000. ಕಡಿತವಾದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ.

ಎಂಟನೇ ಪಾಸ್ ಅಂದರೂ ಅಂಕಪಟ್ಟಿ ಕೇಳುತ್ತಾರೆ, ಪ್ರತಿ ವಿಷಯಕ್ಕೆ 33 ಅಲ್ಲೂ ಇದೆ. ಎಂಟನೇ ತರಗತಿಯ ಕಾಗದವನ್ನು ಯಾರು ಜೋಪಾನ ಮಾಡಿರುತ್ತಾರೆ ಹೇಳಿ? ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ರಿಜಿಸ್ಟರ್ ತೆಗೆಸಿ, ಸಹಿ ಶಿಕ್ಕಾ ಹಾಕಿಸಿಕೊಂಡು ಬರಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಆಗ ಶಾಲೆಗೆ ರಜೆ ಇರುತ್ತದೆ, ಇಲ್ಲವೇ ಹೆಡ್‌ಮಾಸ್ಟರು ಟ್ರೇನಿಂಗಿಗೆ ಹೋಗಿರುತ್ತಾರೆ.

ಇಷ್ಟು ಕೇಳಿದ ಮೇಲೆ ಹುಡುಗರು ಹೇಳೋದು ಒಂದೇ ಮಾತು: "ಹಂಗಾದ್ರ ಎಂಟನೇತ್ತಾ ಮ್ಯಾಲೇ ಫಾರ್ಮ್ ತುಂಬ್ತೀನ್ರಿ ಕಾಕಾ, ಮತ್ತ್ಯಾಕ ಓದೋದು?"

ನನಗೆ ಸಿಟ್ಟು ಬರೋದು ಇಲ್ಲೇ. ಅಗ್ನಿವೀರನ ನೌಕರಿ ನಾಲ್ಕು ವರ್ಷದ್ದು. ಅದಾದ ಮೇಲೆ ನೂರಕ್ಕೆ ಇಪ್ಪತ್ತೈದು ಜನರವರೆಗೆ ಮಾತ್ರ ಮುಂದುವರಿಸುತ್ತಾರೆ. ಉಳಿದವರು ಸೇವಾನಿಧಿಯ ಹತ್ತು ಲಕ್ಷ ಚಿಲ್ಲರೆ ಮತ್ತು ಅದರ ಬಡ್ಡಿ ತಗೊಂಡು ಮನೆಗೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಹದಿನೆಂಟಕ್ಕೆ ಸೇರಿದವನು ಇಪ್ಪತ್ತೆರಡಕ್ಕೆ ವಾಪಸ್ ಊರಲ್ಲಿರುತ್ತಾನೆ. ಆಗ ಪೊಲೀಸ್ ಕಾನ್‌ಸ್ಟೇಬಲ್‌ಗೆ ಅರ್ಜಿ ಹಾಕೋಣ ಅಂದರೆ ನಮ್ಮ ರಾಜ್ಯದಲ್ಲಿ ಪಿಯುಸಿ ಕೇಳುತ್ತಾರೆ. ಬಿ.ಎಸ್‌.ಎಫ್., ಸಿ.ಆರ್‌.ಪಿ.ಎಫ್. ಅಂದರೆ ಎಸ್ಸೆಸ್ಸೆಲ್ಸಿ ಬೇಕು. ಕೈಯಲ್ಲಿರೋದು ಎಂಟನೇ ತರಗತಿ ಕಾಗದ! ಹಳೆ ಕಾಲದಲ್ಲಿ ಕಡಿಮೆ ಓದಿದ ಸಿಪಾಯಿಗೆ ಪಲ್ಟನ್ನೇ ಶಾಲೆಯಾಗುತ್ತಿತ್ತು. ಹದಿನೈದು ಹದಿನೇಳು ವರ್ಷ ಇರುತ್ತಿದ್ದ, ಶಿಕ್ಷಣ ಕೋರ್‌ನ ಉಸ್ತಾದರು ಪಾಠ ಮಾಡಿ ಸೇನೆಯ ಪರೀಕ್ಷೆ ಬರೆಸುತ್ತಿದ್ದರು. ನಾಲ್ಕು ವರ್ಷದಲ್ಲಿ ಅಷ್ಟು ಸಾವಕಾಶ ಎಲ್ಲಿದೆ? ಹತ್ತನೇ ಮುಗಿಸಿ ಸೇರಿದ ಅಗ್ನಿವೀರರಿಗೆ ಸೇವೆಯಲ್ಲಿದ್ದಾಗಲೇ ಹನ್ನೆರಡನೇ ತರಗತಿ ಸರ್ಟಿಫಿಕೇಟ್ ಸಿಗುವಂತೆ ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ವ್ಯವಸ್ಥೆ ಮಾಡಿದ್ದಾರೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಿಂದ ಡಿಗ್ರಿಯೂ ಇದೆ, ಸೇನೆಯಲ್ಲಿ ಕಲಿತದ್ದಕ್ಕೆ ಅದರ ಅರ್ಧ ಕ್ರೆಡಿಟ್ ಕೊಡುತ್ತಾರೆ. ಆದರೆ ಹತ್ತನೇ ಮುಗಿದಿದ್ದವನಿಗೇ ಅದರ ಲಾಭ ಜಾಸ್ತಿ. ಕಡಿಮೆ ಓದಿದವನಿಗೆ ಮೊದಲಿನ ಮಿಲಿಟರಿಗಿಂತ ಈಗಿನದು ಕಷ್ಟ ಅಂತ ನಾನು ಹೇಳೋದು ಇದಕ್ಕೇ.

ಶಾಲೆ ಬಿಟ್ಟು ವರ್ಷಗಳೇ ಆಗಿವೆ, ಮತ್ತೆ ಹೈಸ್ಕೂಲ್ ಬೆಂಚಿನ ಮೇಲೆ ಕೂರೋಕೆ ಆಗಲ್ಲ ಅನ್ನುವವರಿಗೆ ಓಪನ್ ಸ್ಕೂಲ್ ಇದೆ. ನಮ್ಮಲ್ಲಿ ಕರ್ನಾಟಕ ಮುಕ್ತ ಶಾಲೆ, ದೇಶಕ್ಕೆಲ್ಲ ಎನ್‌ಐಒಎಸ್. ಎನ್‌ಐಒಎಸ್‌ನಲ್ಲಿ ಐದು ವಿಷಯ ಪಾಸಾದರೆ ಹತ್ತನೇ ಪಾಸ್. ವರ್ಷಕ್ಕೆ ಎರಡು ಸಲ ಪರೀಕ್ಷೆ, ಎಲ್ಲ ಒಂದೇ ಸಲ ಬರೆಯಬೇಕೆಂದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಿದ್ದ ಎರಡು ವಿಷಯಗಳವರೆಗೆ ಅಲ್ಲಿಗೆ ತಂದುಕೊಳ್ಳಲೂಬಹುದು. "ಓಪನ್ ಸ್ಕೂಲ್ ಸರ್ಟಿಫಿಕೇಟ್ ಮಿಲಿಟರಿಯಲ್ಲಿ ನಡೆಯಲ್ಲ" ಅಂತ ಯಾರೋ ಹೇಳಿರುತ್ತಾರೆ. ನಡೆಯುತ್ತದೆ. ಆದರೆ ಭರ್ತಿಗೆ ಹೋಗುವಾಗ ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ ಬಿಇಒ ಅಥವಾ ಡಿಇಒ, ಅಂದರೆ ತಾಲೂಕಿನ ಇಲ್ಲವೇ ಜಿಲ್ಲೆಯ ಶಿಕ್ಷಣಾಧಿಕಾರಿಯ ಮೇಲುಸಹಿ ಇರಬೇಕು. ಆ ಒಂದು ಸಹಿ ಇಲ್ಲದೆ ಹೋದವರು ಗೇಟಿನಲ್ಲೇ ಸಿಕ್ಕಿಬೀಳುತ್ತಾರೆ. ಅಂಕದ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ, ಜಿ.ಡಿ.ಗೆ ಓಪನ್ ಸ್ಕೂಲಿನವರಿಗೂ 45 ಬೇಕು.

ಓಪನ್ ಸ್ಕೂಲ್ ಹೆಸರಲ್ಲಿ ಮೋಸವೂ ನಡೆಯುತ್ತದೆ. ಪರೀಕ್ಷೆ ಬರೆಯದೆ ತಿಂಗಳಲ್ಲಿ ಹತ್ತನೇ ಸರ್ಟಿಫಿಕೇಟ್ ಕೊಡಿಸ್ತೀನಿ ಅಂತ ತಾಲೂಕಿಗೊಬ್ಬ ಇದ್ದಾನೆ. ಉತ್ತರದ ಯಾವುದೋ ಊರಿನ ಬೋರ್ಡ್, ಹೊಳೆಯುವ ಹೊಲೊಗ್ರಾಮ್, ನೋಡಿದರೆ ನಿಜವಾದದ್ದಕ್ಕಿಂತ ಚೆಂದ! ಸೇನೆಯಲ್ಲಿ ಸರ್ಟಿಫಿಕೇಟನ್ನು ಕೊಟ್ಟ ಬೋರ್ಡಿಗೇ ಕಳಿಸಿ ತಪಾಸಣೆ ಮಾಡಿಸುತ್ತಾರೆ. ಟ್ರೇನಿಂಗ್ ಮುಗಿದಿದ್ದರೂ ಸುಳ್ಳೆಂದು ಗೊತ್ತಾದರೆ ಮನೆಗೆ ಕಳಿಸುತ್ತಾರೆ, ಕೇಸೂ ಬೀಳುತ್ತದೆ. ಕೋಬ್ಸೆ ಅನ್ನುವ ಸಂಸ್ಥೆ ಮಾನ್ಯತೆ ಇರುವ ಬೋರ್ಡುಗಳ ಪಟ್ಟಿ ಇಟ್ಟಿದೆ. ದುಡ್ಡು ಕಟ್ಟುವ ಮುಂಚೆ ಆ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಹೆಸರಿದ್ದರೂ, ಪರೀಕ್ಷೆ ಬೇಡ ಅಂದವನ ಹತ್ತಿರ ಹೋಗಲೇಬೇಡಿ.

ಹೆಸರಿನ ವಿಷಯ ಬಂತಲ್ಲ, ಆಧಾರ್‌ನಲ್ಲಿ ಮಂಜುನಾಥ, ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಎಸ್., ಟಿ.ಸಿ.ಯಲ್ಲಿ ಅಪ್ಪನ ಹೆಸರೂ ಅಡ್ಡಹೆಸರೂ ಸೇರಿ ಒಂದು ಸಾಲು. ನಮ್ಮ ಕಡೆ ಇದು ಮನೆಮನೆಯ ಕತೆ. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಆಧಾರ್ ಮಾಡಿಸಿಕೊಳ್ಳಿ, ಹುಟ್ಟಿದ ತಾರೀಖು ಸಮೇತ.

ಇನ್ನು ಓಟ. ಮೊದಲೆಲ್ಲ ಮೈದಾನದಲ್ಲಿ ಓಡಿ ಪಾಸಾದ ಮೇಲೆ ಲಿಖಿತ ಪರೀಕ್ಷೆ ಇರುತ್ತಿತ್ತು. 2023ರಿಂದ ತಿರುವು ಮುರುವು. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಪಾಸಾದವರಿಗೆ ಮಾತ್ರ ಮೈದಾನ. ಎಂಟನೇ ಪಾಸ್ ವರ್ಗದವರಿಗೂ ಪರೀಕ್ಷೆ ತಪ್ಪಿದ್ದಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತ ಇದೆ. ಕನ್ನಡದಲ್ಲೂ ಬರೆಯಲು ಅವಕಾಶ ಬಂದಿರೋದು ನಮ್ಮ ಹುಡುಗರ ಪುಣ್ಯ. ಆದರೂ ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಹುಡುಗರು ಸಂಜೆ ಅರ್ಧ ಗಂಟೆ ಪುಸ್ತಕ ಹಿಡಿಯಲ್ಲ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದರೆ 60 ಅಂಕ, ಹತ್ತು ಸಲ ಬೀಮ್ ಎಳೆದರೆ, ಅಂದರೆ ಕಂಬಿ ಹಿಡಿದು ಮೈ ಮೇಲೆತ್ತಿದರೆ, 40. ಅದೆಲ್ಲ ಬಾಯಿಪಾಠ ಇದೆ. ಆದರೆ ಪರೀಕ್ಷೆ ಪಾಸಾಗದೆ ಆ ನೂರು ಅಂಕದ ಹತ್ತಿರಕ್ಕೂ ಬಿಡೋದಿಲ್ಲ.

ಎರಡು ವರ್ಗಗಳಿಗೆ ಅರ್ಜಿ ಹಾಕುವ ಅವಕಾಶವೂ ಈಗ ಇದೆ. 282 ದಾಟಿದವರು ಜಿ.ಡಿ. ಜೊತೆ ಟ್ರೇಡ್ಸ್‌ಮನ್‌ಗೂ ಹಾಕಲಿ. ಸುಮ್ನೆ ಹೆಮ್ಮೆಗೆ ಜಿ.ಡಿ. ಒಂದೇ ಬರೆದು ಕೂರಬೇಡಿ. ಫಾರ್ಮಿಗೆ 250 ರೂಪಾಯಿ ಕಟ್ಟಿದರೆ ಆಯಿತು. ಅದರಾಚೆ ಒಂದು ಪೈಸೆ ಕೇಳಿದವನು ದಲ್ಲಾಳಿ ಅಂತಲೇ ತಿಳಿಯಿರಿ.

ಸೇನೆ ಆಗದಿದ್ದರೆ ಬಿ.ಎಸ್‌.ಎಫ್., ಸಿ.ಆರ್‌.ಪಿ.ಎಫ್. ಕಡೆ ನೋಡಿ ಅಂತಲೂ ಹೇಳುತ್ತೇನೆ. ಅಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು, ಶೇಕಡಾ 45ರ ಗೊಡವೆ ಇಲ್ಲ. 2024ರಿಂದ ಆ ಪರೀಕ್ಷೆಯೂ ಕನ್ನಡದಲ್ಲಿದೆ. ನಾಲ್ಕು ವರ್ಷದ ಕರಾರೂ ಇಲ್ಲ, ಕಾಯಂ ನೌಕರಿ. ಆದರೆ ಸಾಮಾನ್ಯವಾಗಿ ಗಂಡುಮಕ್ಕಳಿಗೆ 170 ಸೆಂಟಿಮೀಟರ್ ಎತ್ತರ ಬೇಕು. ಸೇನೆಯ ಜಿ.ಡಿ.ಗೆ ನಮ್ಮ ಕಡೆಯವರಿಗೆ 166 ಸಾಕು. ಬಿ.ಎಸ್‌.ಎಫ್., ಸಿ.ಆರ್‌.ಪಿ.ಎಫ್.ನಲ್ಲಿ ಐದು ಕಿಲೋಮೀಟರ್ ಓಟಕ್ಕೆ 24 ನಿಮಿಷ. ಅದು ನಮ್ಮ ಹುಡುಗರಿಗೆ ನೀರು ಕುಡಿದಷ್ಟು ಸುಲಭ.

ಕೊನೆಗೆ ಹೆಣ್ಣುಮಕ್ಕಳ ಮಾತು. ಈಚೆಗೆ ಅವರೂ ಕೇಳುತ್ತಾರೆ, ಅದೂ ನೇರವಾಗಿ. ಅಗ್ನಿವೀರರಾಗಿ ಸೇನೆಯಲ್ಲಿ ಅವರಿಗೆ ಇರೋದು ಮಿಲಿಟರಿ ಪೊಲೀಸ್. ಮೊದಲ ತಂಡದ 83 ಮಹಿಳೆಯರು ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇನಲ್ಲಿ. ಅದಕ್ಕೆ ಜಿ.ಡಿ.ಯ ಲೆಕ್ಕವೇ: ಹತ್ತನೇಯಲ್ಲಿ ಶೇಕಡಾ 45, ಪ್ರತಿ ವಿಷಯಕ್ಕೆ 33. ಟ್ರೇಡ್ಸ್‌ಮನ್ ಇಲ್ಲ, ಎಂಟನೇ ತರಗತಿಯ ಬಾಗಿಲಂತೂ ಇಲ್ಲವೇ ಇಲ್ಲ. ಹುಡುಗ ಫೇಲಾದರೆ ಮಿಲಿಟರಿಗೆ ದಾರಿ ಕೇಳುವ ಮನೆಯಲ್ಲೇ ಹುಡುಗಿ ಫೇಲಾದರೆ ಆ ವಾರವೇ ವರನ ಹುಡುಕಾಟ ಶುರು. ಅಂಥ ಮನೆಗೆ ಹೋದಾಗ ಚಹಾ ಬರುವ ಮುಂಚೆಯೇ ನಾನು ಹೇಳಿಬಿಡುತ್ತೇನೆ: ಮೊದಲು ಪರೀಕ್ಷೆ-2ರ ಫೀ ಕಟ್ರಿ.