ಈಸ್ಟರ್ ಭಾನುವಾರದ ಮೊದಲ ಗುಟುಕು

ನಾನು ಕ್ರಿಶ್ಚಿಯನ್ ಅಲ್ಲ, ಆದರೂ ಕಾರವಾರದಲ್ಲಿ ಈಸ್ಟರ್ ಬಂತೆಂದರೆ ನನಗೂ ಹಬ್ಬ. ನನ್ನ ಬಾಲ್ಯದ ಗೆಳೆಯ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ 40 ದಿನ ಬಿಯರ್ ಮುಟ್ಟುವುದಿಲ್ಲ, ಮಾಂಸವನ್ನೂ ಬಿಡುತ್ತಾನೆ, ಅವನಿಲ್ಲದೆ ಒಬ್ಬನೇ ಕೂತು ಕುಡಿಯುವುದು ನನಗೆ ಸೇರುವುದಿಲ್ಲ, ಹಾಗಾಗಿ ನಾನೂ ಸುಮ್ನೆ ಬಿಟ್ಟುಬಿಡುತ್ತೇನೆ. ಹುಣ್ಣಿಮೆ ನೋಡಿ ಲೆಕ್ಕ ಹಾಕುವ ಹಬ್ಬ ಇದು, ತಾರೀಕು ಪ್ರತಿವರ್ಷ ಬೇರೆ. 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ಏಪ್ರಿಲ್‌ಗೆ ಹೋದರೆ ನಮ್ಮ ಕರಾವಳಿ ಸೆಕೆಯಲ್ಲಿ ಕಾಯುವುದು ಕಷ್ಟ, ಅಲ್ವಾ?

ಶನಿವಾರ ರಾತ್ರಿ ಚರ್ಚಿನಲ್ಲಿ ಕತ್ತಲು ಮಾಡಿ ಮೇಣದಬತ್ತಿ ಹಚ್ಚುತ್ತಾರೆ. ಭಾನುವಾರ ಮಧ್ಯಾಹ್ನ ಅವನ ಅಮ್ಮನ ಕೈ ಊಟ.

ಸಂಜೆ ನಾವಿಬ್ಬರೂ ನಡೆದುಕೊಂಡೇ ಪೇಟೆಯ ಹಳೇ ಬಾರಿಗೆ ಹೋಗುತ್ತೇವೆ. ಬೆಂಗಳೂರಿನ ಪಬ್ ಥರ ಜೋರು ಮ್ಯೂಸಿಕ್ ಇಲ್ಲ, ಹಂಚಿನ ಮಾಡು, ಕಿರ್ರೆನ್ನುವ ಫ್ಯಾನು, ನಾಲ್ಕೈದು ಟೇಬಲ್, ಅಷ್ಟೇ. ನನಗೆ ಇದೇ ಇಷ್ಟ. "ಎಷ್ಟು ದಿನ ಆಯ್ತು ಮಾರಾಯ್ರೆ!" ಎನ್ನುತ್ತಾ ಸಪ್ಲೈಯರ್ ಕೇಳದೆಯೇ ಎರಡು ಬಾಟಲಿ ತಂದಿಡುತ್ತಾನೆ. ಬಾಟಲಿ ಮೈಯೆಲ್ಲಾ ಬೆವರಿ ಟೇಬಲ್ ಮೇಲೆ ನೀರಿನ ಉಂಗುರ ಮೂಡಿರುತ್ತದೆ, ಗೆಳೆಯ ಅದನ್ನು ಬೆರಳಿನಿಂದ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ ಮೊದಲ ಗುಟುಕು. ಅವನ ಮುಖ ನೋಡಬೇಕು ನೀವು!

ಅಷ್ಟರಲ್ಲಿ ಬಂಗಡೆ ರವಾ ಫ್ರೈ ಬರುತ್ತದೆ, ಬಿಸಿಬಿಸಿ, ಮೇಲೆ ಲಿಂಬೆ ಹಿಂಡಿ. ಹಿಂದೆಯೇ ಬೆಳಚು, ಅಂದರೆ ಚಿಪ್ಪುಮೀನಿನ ಸುಕ್ಕಾ. ಪಕ್ಕದ ಟೇಬಲಿನವರು ಕೊಂಕಣಿಯಲ್ಲಿ ಹಬ್ಬದ ಶುಭಾಶಯ ಹೇಳುತ್ತಾರೆ, ನಾವು ಗ್ಲಾಸ್ ಎತ್ತುತ್ತೇವೆ. ಕತ್ತಲಾದ ಮೇಲೆ ಸಮುದ್ರದ ಗಾಳಿ ಒಳಗೆ ಬರುತ್ತದೆ, ಆಗ ಇನ್ನೊಂದು ಪ್ಲೇಟ್ ಬಂಗಡೆ ಹೇಳುತ್ತೇವೆ.