ಫಿಲಂ ಯಾಕಣ್ಣಾ, ಇಂಕ್‌ಜೆಟ್‌ನಲ್ಲೇ ತೆಗೀಬಹುದಲ್ವಾ?

ವಿರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ, ಮದುವೆ ಕಾರ್ಡು, ಕಾಫಿಪುಡಿ ಕವರ್ರು, ಬಟ್ಟೆ ಚೀಲ ಇಂಥವೇ ಕೆಲಸ. ಹೊಸದಾಗಿ ಈ ಲೈನಿಗೆ ಬರೋ ಹುಡುಗರೆಲ್ಲಾ ಕೇಳೋದು ಒಂದೇ, ಫಿಲಂಗೆ, ಅಂದ್ರೆ ಡಿಸೈನನ್ನ ಕಪ್ಪಲ್ಲಿ ಮೂಡಿಸಿರೋ ಪಾರದರ್ಶಕ ಹಾಳೆಗೆ, ಮೈಸೂರಿಗೇ ಹೋಗ್ಬೇಕಾ, ಮನೇಲಿರೋ ಇಂಕ್‌ಜೆಟ್ ಸಾಲದಾ ಅಂತ.

ಸ್ಕ್ರೀನ್‌ಗಾದ್ರೆ ಸಾಕು. ಮುಂಚೆ ಮೈಸೂರಲ್ಲಿ ಇಮೇಜ್‌ಸೆಟರ್ ಅನ್ನೋ ಫಿಲಂ ತೆಗೆಯೋ ಮೆಷಿನ್‌ನಲ್ಲಿ ತೆಗೆಸಿ ಬಸ್ಸಲ್ಲಿ ಕಳಿಸೋರು, ನಾನು ಸ್ಟ್ಯಾಂಡಲ್ಲಿ ಕಾಯೋದು, ಒಂದು ಒತ್ತಕ್ಷರ ತಪ್ಪಿದ್ರೆ ಇನ್ನೊಂದು ದಿನ ಗೋವಿಂದ. ಈಗ ಎಲ್ಲಾ ನನ್ನ ಟೇಬಲ್ ಮೇಲೇ.

ಆದ್ರೆ ಸಿಕ್ಕಿದ ಪ್ಲಾಸ್ಟಿಕ್ ಶೀಟ್ ತುರುಕಿದ್ರೆ ಆಗಲ್ಲ, ಇಂಕ್ ಹೀರೋ ಕೋಟಿಂಗ್ ಇರೋ ಫಿಲಂ ಬೇಕು. ಲೇಸರ್ ಪ್ರಿಂಟರ್ ಮತ್ತೆ ಬಟರ್ ಪೇಪರ್ ಅಗ್ಗ ನಿಜ, ಆದ್ರೆ ಬಿಸಿಗೆ ಪೇಪರ್ ಸೊಟ್ಟಗಾಗಿ ಎರಡನೇ ಕಲರ್ ಮೊದಲನೇದಕ್ಕೆ ಸರಿಯಾಗಿ ಕೂರಲ್ಲ.

ಎಲ್ಲಕ್ಕಿಂತ ಮುಖ್ಯ ಕಪ್ಪು. ನಮ್ಮ ಕಣ್ಣಿಗೆ ಕಪ್ಪಾಗಿ ಕಂಡ್ರೆ ಸಾಲ್ದು, ಎಮಲ್ಷನ್ (ಸ್ಕ್ರೀನ್‌ಗೆ ಬಳಿಯೋ ಲೇಪ, ಬೆಳಕು ಬಿದ್ದಲ್ಲಿ ಗಟ್ಟಿಯಾಗತ್ತೆ, ಫಿಲಂನ ಕಪ್ಪು ಮರೆಮಾಡಿದಲ್ಲಿ ನೀರಲ್ಲಿ ತೊಳೆದು ಹೋಗತ್ತೆ) ನೋಡೋದು ಯುವಿ ಬೆಳಕನ್ನ, ಸುಮಾರು 350ರಿಂದ 420 ನ್ಯಾನೋಮೀಟರ್. ಹಿಂದೆ ಕೈಯಲ್ಲಿ ಕತ್ತರಿಸ್ತಿದ್ದ ಕೆಂಪು ಮಾಸ್ಕಿಂಗ್ ಫಿಲಂ ನೆನಪಿದ್ಯಾ, ಅದರಾಚೆ ಇರೋದೆಲ್ಲಾ ನಮಗೆ ಕಾಣೋದು, ಎಮಲ್ಷನ್‌ಗೆ ಮಾತ್ರ ಅದು ಗೋಡೆ. ಇಂಕ್‌ಜೆಟ್‌ನಲ್ಲಿ ಇದರ ಉಲ್ಟಾ ಆಗತ್ತೆ. ನಾನು ಶುರುವಲ್ಲಿ ಪ್ಲೇನ್ ಪೇಪರ್ ಸೆಟಿಂಗ್‌ನಲ್ಲೇ ಒಂದು ಮದುವೆ ಕಾರ್ಡಿಗೆ ಫಿಲಂ ತೆಗ್ದೆ, ಮೂಲೇಲಿ ಕೊಡವರ ಪೀಚೆಕತ್ತಿ ಚಿತ್ರ, ಅದಕ್ಕೆ ನೇತಾಡೋ ಬೆಳ್ಳಿ ಸರಪಳಿ. ಸ್ಕ್ರೀನ್ ತೊಳೆದ್ರೆ ಕತ್ತಿ ಚೆನ್ನಾಗಿ ಬಿಟ್ಕೊಳ್ತು, ಸರಪಳಿ ಬಿಡಲೇ ಇಲ್ಲ. ತೆಳು ಕಪ್ಪಿನೊಳಗಿಂದ ಬೆಳಕು ನುಸುಳಿ ಅಲ್ಲಿ ಎಮಲ್ಷನ್ ಗಟ್ಟಿಯಾಗಿತ್ತು. ಎಕ್ಸ್‌ಪೋಶರ್, ಅಂದ್ರೆ ಬೆಳಕು ಕೊಡೋ ಹೊತ್ತು, ಕಮ್ಮಿ ಮಾಡಿದ್ರೆ ಸುತ್ತಲಿನ ಎಮಲ್ಷನ್ನೂ ನೀರಲ್ಲಿ ಎದ್ದು ಬಂತು. ಆಮೇಲೆ ಫೋಟೋ ಪೇಪರ್, ಹೈ ಕ್ವಾಲಿಟಿ ಸೆಟಿಂಗ್ ಹಾಕಿ ಜಾಸ್ತಿ ಇಂಕ್ ಬಿಟ್ಮೇಲೇ ಸರಿ ಹೋಗಿದ್ದು.

ಜಾಸ್ತಿ ಇಂಕ್ ಅಂದ್ರೆ ಒಣಗೋದು ನಿಧಾನ, ಅದ್ರಲ್ಲೂ ನಮ್ಮೂರ ಜುಲೈ ಮಳೇಲಿ ಹಾಕಿರೋ ಅಂಗಿನೇ ಒಣಗಲ್ಲ. ಇಂಕ್ ಇರೋ ಮಗ್ಗಲು ಎಮಲ್ಷನ್‌ಗೆ ತಾಗೋ ಹಾಗೆ ಇಡ್ಬೇಕಲ್ವಾ, ಸ್ಕ್ರೀನ್‌ಗೆ ಮಿರರ್ ಬೇಡ, ನೇರ ಪ್ರಿಂಟೇ ಸರಿ, ಆದ್ರೆ ಹಸಿ ಇದ್ರೆ ಅಂಟ್ಕೊಂಡು ಎರಡೂ ಹಾಳು. ನಾನು ಬಲ್ಬ್ ಹಾಕಿರೋ ಪೆಟ್ಟಿಗೇಲಿ ಫಿಲಂ ಒಣಗಿಸ್ತೀನಿ, ಖಾಲಿ ಶೀಟೂ ಅಲ್ಲೇ.

ಫೋಟೋ ಹಾಕ್ಬೇಕಂದ್ರೆ ಅದನ್ನ ಸಣ್ಣ ಚುಕ್ಕಿ ಮಾಡಿಕೊಡೋ ರಿಪ್ ಅನ್ನೋ ಸಾಫ್ಟ್‌ವೇರ್ ಬೇಕು, 45-55 ಲೈನ್‌ವರೆಗೆ (ಇಂಚಿಗೆ ಅಷ್ಟು ಸಾಲು ಚುಕ್ಕಿ) ಧೈರ್ಯವಾಗಿ ತೆಗೀಬಹುದು.

ಹೋಂಸ್ಟೇ ಬ್ರೋಷರ್ ಥರ ಫೋರ್ ಕಲರ್ ಆಫ್‌ಸೆಟ್ ಆದ್ರೆ ಬೇಡಪ್ಪಾ. ಅಲ್ಲಿ 150 ಲೈನ್ ಕೇಳ್ತಾರೆ, ಅಷ್ಟು ಸಣ್ಣ ಚುಕ್ಕಿ ಇಂಕ್‌ಜೆಟ್‌ನಲ್ಲಿ ಅಂಚು ಒಡೆದು ಬರತ್ತೆ. ಅದಕ್ಕೆ ಸಿಟಿಪಿ ಇರೋ ಪ್ರೆಸ್ಸಿಗೆ ಪಿಡಿಎಫ್ ಕಳಿಸಿ, ಅಲ್ಲಿ ಫಿಲಮ್ಮೇ ಇಲ್ದೆ ನೇರ ಪ್ಲೇಟಿಗೆ ಹೋಗತ್ತೆ.

ಇನ್ನೊಂದು, ಪ್ರಿಂಟರ್ ಸುಮ್ನೆ ಕೂತ್ರೆ ಹೆಡ್ ಕಟ್ಕೊಳ್ಳತ್ತೆ. ಪುತ್ತರಿ ಹಬ್ಬಕ್ಕೆ ನಾಲ್ಕು ದಿನ ಬಾಗಿಲು ಹಾಕಿ ಬಂದ್ರೆ ನಂದು ಮೊದ್ಲು ನಾಝಲ್ ಚೆಕ್, ಆಮೇಲೇ ಕಾಫಿ.